ನುಚ್ಚಿನ ಮನೆಯವರು

ಜೋಳದ ನುಚ್ಚು ಕುದಿಯುವ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಶಹಾಬಾದಿನ ನಮ್ಮ ಮನೆ, ಅದರ ಕಲ್ಲುಚಪ್ಪಡಿಯ ಪಡಸಾಲೆ, ಒಲೆಯ ಮುಂದೆ ಕೂತ ಆಯಿ ಕಣ್ಣೆದುರು ಬರುತ್ತಾಳೆ. ಆಯಿ ನನ್ನ ತಂದೆಯ ತಾಯಿ. ನಸುಕಿನಲ್ಲಿ ಕಲ್ಲುಗಣಿಗೆ ಹೋಗುವ ಹೆಂಗಸರು ನಮ್ಮ ಕಟ್ಟೆಯ ಮೇಲೆ ಕೂತು, ಆಕೆ ಬಡಿಸಿದ ನುಚ್ಚು ಮಜ್ಜಿಗೆ ಉಂಡು ಮುಂದೆ ನಡೆಯುತ್ತಿದ್ದರು. ಅದು ಆಕೆಯ ಅತ್ತೆಯ ಕಾಲದಿಂದ ಬಂದ ಪದ್ಧತಿ. ಊರವರು ನಮ್ಮನ್ನು ನುಚ್ಚಿನ ಮನೆಯವರು ಎಂದು ಕರೆದು ಕರೆದು, ನುಚ್ಚಿನ ಎಂಬುದೇ ನಮ್ಮ ಅಡ್ಡಹೆಸರಾಯಿತು. ಅಪ್ಪನ ತಮ್ಮ, ನಮ್ಮ ಕಾಕಾನಿಗೆ ಮಾತ್ರ ಅದು ಅವಮಾನ. ನೌಕರಿ ಸಿಕ್ಕಿದ್ದೇ ತಡ, ತನ್ನ ಲಗ್ನಪತ್ರಿಕೆಯಲ್ಲಿ ಪಾಟೀಲ ಎಂದು ಅಚ್ಚು ಹಾಕಿಸಿದ. "ಯಾಕಪ್ಪಾ, ಮಂದಿ ಉಂಡು ಇಟ್ಟ ಹೆಸರು ನಿನಗ ಹೊಲಸು ಕಾಣ್ತದೇನು?" ಎಂದು ಆಯಿ ಕೇಳಿದಳು. ಆ ದಿನ ಆಯಿ ಉಣ್ಣಲಿಲ್ಲ.

ಆಯಿ ಹೋದಳು, ಮನೆ ಮಾರಿಹೋಯಿತು. ಈಗ ನೋಡಿ, ನಮ್ಮ ಅಡ್ಡಹೆಸರಿನವರದೇ ದರ್ಬಾರು. ನಮಗೆ ಯಾವ ಸಂಬಂಧವೂ ಇಲ್ಲದ, ಬೇರೆ ಜಿಲ್ಲೆಯ, ನುಚ್ಚಿನ ಎಂಬ ಅಡ್ಡಹೆಸರಿನವನೊಬ್ಬ ಮಂತ್ರಿಯಾದ. ಇನ್ನೊಬ್ಬ ಟಿವಿಯಲ್ಲಿ ಕೂಗಾಡಿ ಹೆಸರು ಮಾಡಿದ. ಕಾಕಾನ ಬಾಗಿಲ ಮೇಲಿನ ಪಾಟೀಲ ರಾತ್ರೋರಾತ್ರಿ ಮಾಯವಾಗಿ, ನುಚ್ಚಿನ ನಿವಾಸ ಎಂಬ ಹಿತ್ತಾಳೆಯ ಫಲಕ ಬಂತು. ಹೇಸಿಗೆ ಹುಟ್ಟುವುದು ಇಂಥದಕ್ಕೇ.

ಹೋದ ತಿಂಗಳು ಸೇಡಂನಲ್ಲಿ ಆ ಇಬ್ಬರಿಗೂ ಸನ್ಮಾನ. ಕಾಕಾನೇ ಮುಂದಾಳು. ಮೈಕು ಹಿಡಿದು, ಯಾವುದೋ ರಾಜ ನಮ್ಮ ಹಿರಿಯರ ಶೌರ್ಯಕ್ಕೆ ಮೆಚ್ಚಿ ಕೊಟ್ಟ ಬಿರುದು ಇದು ಎಂದು ನಾಚಿಕೆ ಬಿಟ್ಟು ಹೇಳಿದ. ಆಯಿಯ ಸುದ್ದಿಯೇ ಇಲ್ಲ. ಮಂತ್ರಿ ತಲೆದೂಗಿದ. ನಾನು ಎದ್ದು ಹೊರಗೆ ಬಂದೆ. ಪೆಂಡಾಲಿನ ಹಿಂದೆ ಅರ್ಧ ತಿಂದು ಎಸೆದ ಹೋಳಿಗೆಯ ರಾಶಿ, ಅದರ ತುಂಬ ನೊಣ. ಗೇಟಿನ ಬಳಿ, ನೆಲ ಗುಡಿಸಿ ನೀರು ಹೊತ್ತ ಹೆಂಗಸರು ಕೂತಿದ್ದರು. ಭಾಷಣ ಮುಗಿಸಿ ಬಂದ ಕಾಕಾನನ್ನು ಅವರಲ್ಲೊಬ್ಬಳು ಕೇಳಿದಳು: "ಸಾಹೇಬ್ರ, ನಮಗ ಊಟಕ್ಕ ಯಾವಾಗ ಕರೀತೀರಿ? ಮುಂಜಾನಿಂದ ಕೆಲಸ ಮಾಡಲಿಕತ್ತೀವ್ರಿ."

"ಪಾಸ್ ಇದ್ದವರಿಗಷ್ಟೇ ಊಟ. ಮಂತ್ರಿಗಳು ಹೊರಗ ಹೋಗೋ ಹಾದಿ ಇದು, ಏಳ್ರಿ, ಏಳ್ರಿ!" ಎಂದು ಕಾಕಾ ಕೈ ಬೀಸಿದ.

ನಾನು ಒಳಗಿನಿಂದ ಊಟ ತರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಓದುಗರೇ, ನಿಮ್ಮ ಮನೆಗೂ ಯಾರೋ ದುಡಿದ ಕೈಯಿಂದ ಬಂದ ಹೆಸರಿದ್ದೀತು; ನನ್ನ ಸಂಕಟ ನಿಮಗೆ ತಿಳಿದೀತು. ಮೊನ್ನೆ ವಾಡಿಗೆ ಹೋಗುವ ರೈಲಿನಲ್ಲಿ ಎದುರಿಗೆ ಕೂತ ಮುದುಕಿಯೊಬ್ಬಳು, "ಯಾರ ಪೈಕಿ ಆಗಬೇಕವ್ವಾ? ಅಡ್ಡೆಸರೇನು?" ಎಂದು ಅಕ್ಕರೆಯಿಂದ ಕೇಳಿದಳು. ಮೊದಲಾಗಿದ್ದರೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ಆ ಮಂತ್ರಿಯ ಪೈಕಿ ಎಂದುಕೊಂಡಾಳೆಂದು ಅಪ್ಪನ ಹೆಸರಷ್ಟೇ ಹೇಳಿ, ಆಯಿ ಗಳಿಸಿದ ಹೆಸರನ್ನು ನುಂಗಿಕೊಂಡೆ.