ಅಕ್ಕಿ ಡಬ್ಬಿಯಲ್ಲಿದ್ದ ಕೊನೆಯ ಕಟ್ಟು

ಆ ಕಾದಂಬರಿಯ ಕೊನೆಯ ಕಟ್ಟು ಲೋಕಲ್ ರೈಲಿನಲ್ಲಿ ಕಳೆದುಹೋಗಿರಲಿಲ್ಲ. ನಾನೇ ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. ಕಸ್ತೂರಿಗೆ ನಾನು ಹೇಳಿದ ಕೊನೆಯೂ ಆ ಪುಸ್ತಕದ್ದಲ್ಲ — ನಾನು ಹೆದರಿಕೆಯಲ್ಲಿ ಕಟ್ಟಿದ ಕಥೆ. ಇಷ್ಟನ್ನು ಬರೆಯುವುದಕ್ಕೇ ಬೆಳಗಿನಿಂದ ಮೂರು ಸಲ ಎದ್ದು ಬಾಗಿಲಿನ ಚಿಲಕ ನೋಡಿ ಬಂದಿದ್ದೇನೆ. ಯಾರು ಬರುತ್ತಾರೆಂದೋ, ನನಗೇ ಗೊತ್ತಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದ ಹೆಂಗಸರು ನಾಲ್ಕು ಮಂದಿ. ಮಧ್ಯಾಹ್ನ ಟೆರೇಸಿನಲ್ಲಿ ಹಪ್ಪಳ ಒಣಗಿಸಿ ಕಾಗೆ ಕಾಯುವ ಹೊತ್ತೇ ನಮ್ಮ ಪುಸ್ತಕದ ಹೊತ್ತು. ‘ಊಟ ಆಯ್ತಾ’ ಎಂದು ಕೇಳುವುದಕ್ಕೆ ಮೊದಲು ‘ಈಗ ಎಂತ ಓದ್ತಾ ಇದ್ದೀ’ ಎಂದು ಕೇಳುತ್ತಿದ್ದೆವು. ಕನ್ನಡ ಪುಸ್ತಕ ಅಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟುಕೊಂಡಿದ್ದವರ ಮನೆಯ, ನಮ್ಮ ನಾಲ್ವರಲ್ಲೇ ಒಬ್ಬರಾದ ಲಲಿತಕ್ಕ ಪ್ರತಿ ಬೇಸಿಗೆಗೆ ಉಡುಪಿಗೆ ಹೋಗಿ, ಬರುವಾಗ ಟ್ರಂಕಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಒಂದೆರಡು ಕಾದಂಬರಿ ತರುತ್ತಿದ್ದರು. ಪುಸ್ತಕ ಒಂದು, ಓದುವವರು ನಾಲ್ಕು. ಅದಕ್ಕೆ ಲಲಿತಕ್ಕ ಒಂದು ಉಪಾಯ ಮಾಡಿದ್ದರು: ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ, ಪುಸ್ತಕವನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ದಪ್ಪ ದಾರದಲ್ಲಿ ಹೊಲಿದು ಹಳೆ ಕ್ಯಾಲೆಂಡರಿನ ಹಾಳೆ ಹೊದಿಸುವುದು. ಅದಕ್ಕೆ ನಾವು ಕಟ್ಟು ಎನ್ನುತ್ತಿದ್ದೆವು. ಓದುವುದರಲ್ಲಿ ನಾನೇ ಮುಂದೆ, ಹಾಗಾಗಿ ಪ್ರತಿ ಕಟ್ಟೂ ಮೊದಲು ನನಗೆ, ನಂತರ ಕಸ್ತೂರಿಗೆ, ಆಮೇಲೆ ಉಳಿದಿಬ್ಬರಿಗೆ. ಒಂದೇ ನಿಯಮ — ಮುಂದೆ ಇರುವವರು ಹಿಂದೆ ಇರುವವರಿಗೆ ಕೊನೆ ಹೇಳಬಾರದು. ‘ಓದು’ ಅನ್ನಬಹುದು, ‘ಬೇಡ’ ಅನ್ನಬಹುದು, ಅಷ್ಟೇ.

ಕಸ್ತೂರಿ ಬಿಜಾಪುರದ ಕಡೆಯವಳು, ನಮ್ಮ ಪಕ್ಕದ ಮನೆ. ಅವಳ ಗಂಡ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಮ್ಮ ಯಜಮಾನರು ಅವರ ಕೈಕೆಳಗೆ, ಇನ್ನೂ ಟೆಂಪರರಿ. ನಮಗೆ ಆ ಬಿಲ್ಡಿಂಗಿನಲ್ಲಿ ಬಾಡಿಗೆಗೆ ಒಂದು ಕೋಣೆಯ ಖೋಲಿ ಸಿಕ್ಕಿದ್ದೂ ಅವರ ಮಾತಿನ ಮೇಲೆಯೇ. ಗಣಪತಿ ಹಬ್ಬದಲ್ಲಿ ಆರತಿ ತಟ್ಟೆ ಮೊದಲು ಹೋಗುತ್ತಿದ್ದುದು ಅವರ ಕೈಗೆ. ಆ ಕೈಯಿಂದಲೇ ಅವರು ಕಸ್ತೂರಿಯನ್ನು ಹೊಡೆಯುತ್ತಿದ್ದರು. ಗೋಡೆಯಾಚೆ ಸದ್ದು ಶುರುವಾದರೆ ನಾವೆಲ್ಲ ರೇಡಿಯೋ ಜೋರು ಮಾಡುತ್ತಿದ್ದೆವು. ನಾನೂ ಮಾಡುತ್ತಿದ್ದೆ.

ಆ ಬೇಸಿಗೆಯಲ್ಲಿ ಬಂದ ಕಾದಂಬರಿ ಅಂಥದೇ ಒಬ್ಬ ಹೆಂಗಸಿನದು. ಮೊದಲ ಕಟ್ಟು ಮುಗಿಸಿದವಳೇ ಕಸ್ತೂರಿಗೆ ಕೊಟ್ಟು, ‘ಇದನ್ನು ನೀನು ಓದ್ಲೇಬೇಕು ಮಾರಾಯ್ತಿ’ ಎಂದೆ. ಯಾಕೆ ಹೇಳಿದೆ? ಅವಳ ಮೇಲಿನ ಕನಿಕರಕ್ಕೋ, ಸರಿಯಾದವರಿಗೆ ಸರಿಯಾದ ಪುಸ್ತಕ ಹುಡುಕಿಕೊಟ್ಟೆನೆಂಬ ಜಂಬಕ್ಕೋ — ಎರಡೂ ಇತ್ತೇನೋ. ಅವಳು ಮೂರು ಕಟ್ಟುಗಳನ್ನೂ ಒಂದೇ ಉಸಿರಿಗೆ ಓದಿದಳು. ಮೂರನೆಯದರ ಕೊನೆಯಲ್ಲಿ ಕಥೆಯ ಹೆಂಗಸು ಮಗುವಿನ ಕೈ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾಳೆ.

ಮರುದಿನ ಟೆರೇಸಿನ ನೀರಿನ ಟಾಕಿಯ ಮರೆಗೆ ನನ್ನನ್ನು ಎಳೆದುಕೊಂಡು ಹೋದಳು. ಮಂಚದ ಕೆಳಗೆ ಒಂದು ಚೀಲ ಕಟ್ಟಿಟ್ಟಿದ್ದಾಳಂತೆ, ಮಗಳು ಸುನಂದಳ ಫ್ರಾಕುಗಳನ್ನೂ ಹಾಕಿದ್ದಾಳಂತೆ.

‘ಹುಡುಗೀನ ಕಟ್ಕೊಂಡು ಒಬ್ಬಾಕಿ ಬದುಕಾಕ ಬರ್ತದೋ ಇಲ್ಲೋ, ಅಷ್ಟ ನೋಡ್ಬೇಕು ನಾ. ಕಡೀ ಕಟ್ಟು ಲಗೂನ ಮುಗಸವ್ವಾ.’

ನಾನು ಮುಗಿಸಿಯಾಗಿತ್ತು. ಆ ಹೆಂಗಸು ಬಸ್ಸು ಹತ್ತುತ್ತಾಳೆ. ಬೇರೆ ಊರಿನಲ್ಲಿ ಹೊಲಿಗೆ ಹಾಕುತ್ತಾಳೆ, ಉಪವಾಸವೂ ಬೀಳುತ್ತಾಳೆ — ಆದರೆ ಬದುಕುತ್ತಾಳೆ. ಕಟ್ಟು ಸಂಜೆ ತಂದುಕೊಡುತ್ತೇನೆ ಎಂದೆ. ನಿಜವಾಗಿಯೂ ಕೊಡಬೇಕೆಂದೇ ಇದ್ದೆ.

ಕೆಳಗೆ ಬಂದರೆ ಬಾಗಿಲಲ್ಲಿ ಅವಳ ಗಂಡ. ಕಾರ್ಖಾನೆಯಿಂದ ಊಟಕ್ಕೆ ಬಂದಿದ್ದರು. ನೀರು ಕೇಳಿ ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮುಖದಲ್ಲಿ ನಗು.

‘ನಮ್ಮ ಮನ್ಯಾಕಿಗೆ ಏನ್ ಓದಾಕ ಕೊಡ್ತೀರಿ ಅಕ್ಕಾರ? ಇತ್ತೀಚಿಗೆ ಭಾಳ ಮಾತಾಡಾಕ ಹತ್ಯಾಳ.’ ಹೊರಡುತ್ತ, ‘ನಿಮ್ಮ ಮನಿಯವ್ರು ಇನ್ನೂ ಟೆಂಪರರಿನ ಅದಾರಲ್ಲ? ನೋಡೋಣಂತ.’

ಅಷ್ಟೇ. ಒಂದು ಗಟ್ಟಿ ಮಾತಿಲ್ಲ. ಅವರು ಹೋದ ಮೇಲೆ ಬಾಗಿಲಿನ ಚಿಲಕ ಹಾಕಿಕೊಂಡೆ. ಇವಳು ಮನೆ ಬಿಟ್ಟರೆ ಎಲ್ಲರ ಬೆರಳೂ ನನ್ನ ಕಡೆಗೆ — ಕೆಲಸ ಹೋಗುತ್ತದೆ, ಖೋಲಿ ಹೋಗುತ್ತದೆ, ಕೂಸನ್ನು ಎತ್ತಿಕೊಂಡು ನಾವೆಲ್ಲಿಗೆ — ಅಕ್ಕಿ ಡಬ್ಬಿಯ ಮುಚ್ಚಳ ತೆಗೆದದ್ದು ನೆನಪಿದೆ. ಮೊಣಕೈ ಮುಳುಗುವವರೆಗೆ ಕಟ್ಟನ್ನು ಅಕ್ಕಿಯೊಳಗೆ ಒತ್ತಿದ್ದೂ ನೆನಪಿದೆ.

ಸಂಜೆ ಕಸ್ತೂರಿ ಬಂದಳು. ಠಾಣೆಗೆ ಹೋಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಟ್ಟು ಬಿಟ್ಟುಬಂದೆ ಎಂದೆ. ಅವಳ ಮುಖ ಇಳಿದುಹೋಯಿತು. ‘ನೀ ಓದಿಯಲ್ಲ, ಬಾಯಿಲೇ ಹೇಳು. ಏನ್ ಮಾಡ್ತಾಳ ಆಕಿ?’

ನಾನು ಹೇಳಿದೆ — ‘ವಾಪಸ್ ಹೋಗ್ತಾಳೆ. ಮಗುವಿನ ಮುಖ ನೋಡಿ ಗಂಡ ಸರಿಯಾಗ್ತಾನೆ.’

ಅವಳು ಚೀಲ ಬಿಚ್ಚಿದಳು. ನಮ್ಮ ಯಜಮಾನರು ಆ ವರ್ಷವೇ ಪರ್ಮನೆಂಟ್ ಆದರು, ನಾನು ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದೆ. ಮಳೆಗಾಲದಲ್ಲಿ ಒಂದು ದಿನ ಗೋಡೆಯಾಚೆ ದೊಡ್ಡ ಸದ್ದಾಗಿ ಎಲ್ಲ ಸ್ತಬ್ಧವಾಯಿತು. ಬಾತ್‌ರೂಮಿನಲ್ಲಿ ಜಾರಿದೆ ಎಂದು ಕಸ್ತೂರಿ ಡಾಕ್ಟರಿಗೆ ಹೇಳಿದಳು. ಅಂದಿನಿಂದ ಅವಳ ಎಡಗಿವಿ ಕೇಳುವುದಿಲ್ಲ.

ಆಮೇಲಿನ ಪ್ರತಿ ಬೇಸಿಗೆಯೂ ನನಗೆ ಜ್ವರ ಬಂದ ಹಾಗೆ. ಲಲಿತಕ್ಕ ಟ್ರಂಕ್ ತೆಗೆಯುವಾಗ ಅದೇ ಪುಸ್ತಕದ ಇನ್ನೊಂದು ಪ್ರತಿ ಹೊರಬಿದ್ದರೆ ಎಂದು ಪಕ್ಕದಲ್ಲೇ ನಿಂತು ಒಂದೊಂದು ಪುಸ್ತಕದ ಹೆಸರನ್ನೂ ನೋಡುತ್ತಿದ್ದೆ. ಬೀಳಲಿಲ್ಲ. ಕಟ್ಟನ್ನು ಬಿಸಾಡಲೂ ನನ್ನಿಂದಾಗಲಿಲ್ಲ. ನಾವು ವಾಶಿಗೆ ಮನೆ ಬದಲಾಯಿಸಿದಾಗ ಅದೂ ಸೀರೆಗಳ ಅಡಿಯಲ್ಲಿ ಬಂತು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಬಹುಶಃ ಬಾಯಿ ಬಿಡುತ್ತಲೇ ಇರಲಿಲ್ಲ. ಈ ವರ್ಷ, ಎಂಬತ್ತರ ದಶಕ ಮುಗಿಯುತ್ತ ಬಂದಿರುವಾಗ, ಕಸ್ತೂರಿಯನ್ನು ನೋಡಲು ಡೊಂಬಿವಲಿಗೆ ಹೋಗಿದ್ದೆ. ಹತ್ತಿರದ ಕಲ್ಯಾಣ ಊರಿಗೆ ಮದುವೆ ಮಾಡಿಕೊಟ್ಟಿದ್ದ ಸುನಂದಾ ತವರಿಗೆ ಬಂದು ಕೂತಿದ್ದಳು. ಕೆನ್ನೆ ಊದಿತ್ತು. ಕಸ್ತೂರಿ ಅವಳ ತಲೆ ಸವರುತ್ತ ಕಥೆ ಹೇಳುತ್ತಿದ್ದಳು.

‘ನಾ ಒಂದ್ ಪುಸ್ತಕ ಓದಿದ್ನೆವಾ. ಅದರಾಗೂ ಹಿಂಗ. ಆಕಿ ತಿರುಗಿ ಹೋದ್ಲು, ಗಂಡ ಸುಧಾರಿಸಿದ. ಬೇಕಾರ ಇವರನ್ನ ಕೇಳು, ಕಡೀತನಕ ಓದ್ಯಾರ.’

ಸುನಂದಾ ನನ್ನನ್ನು ನೋಡಿದಳು. ಒಳಕೋಣೆಯಲ್ಲಿ ಅವಳ ಅಪ್ಪ ಕೆಮ್ಮಿದರು — ಈಗ ಮುದುಕರು, ಕೋಲಿಲ್ಲದೆ ಏಳಲಾರರು. ಆ ಕೆಮ್ಮು ಕೇಳಿ ನಾನು ಹೌದೆಂದು ತಲೆ ಆಡಿಸಿಬಿಟ್ಟೆ. ಯಜಮಾನರು ತೀರಿಕೊಂಡಿದ್ದಾರೆ, ಕಳೆದುಕೊಳ್ಳುವುದಕ್ಕೆ ಈಗ ಕೆಲಸವೂ ಇಲ್ಲ, ಖೋಲಿಯೂ ಇಲ್ಲ. ಆದರೂ ಆಡಿಸಿದೆ. ಅಂದಿನ ನನ್ನ ಹೆದರಿಕೆಗೆ ಕಾರಣ ಹೇಳಬಹುದೇನೋ, ಇದಕ್ಕೆ ಏನೂ ಇಲ್ಲ.

ಮರುದಿನ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ವಾಶಿಯಿಂದ ಠಾಣೆಗೆ ಬಸ್ಸು, ಅಲ್ಲಿಂದ ಡೊಂಬಿವಲಿಗೆ ಲೋಕಲ್. ನಡುವಿನ ಮುಂಬ್ರಾ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಹೋಗೋಣವೆಂದು ಬಾಗಿಲವರೆಗೂ ಬಂದಿದ್ದೆ. ಜನ ನುಗ್ಗಿ ಬಂದರು, ಇಳಿಯಲಾಗಲಿಲ್ಲ. ಧೈರ್ಯ ಮಾಡಿ ಹೋದೆ ಎಂದು ಯಾರೂ ತಿಳಿಯಬೇಡಿ.

ಕಸ್ತೂರಿಯ ಪಕ್ಕ ಕೂತು, ಒಳಕೋಣೆಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದೆ — ‘ಆ ಕಟ್ಟು ಕಳೆದಿರಲಿಲ್ಲ ಕಸ್ತೂರಿ. ನಾನು ಹೇಳಿದ ಕೊನೆ ಸುಳ್ಳು.’

‘ಏನಂದಿ? ಜೋರ ಹೇಳು.’

ನಾನು ಕೂತದ್ದು ಅವಳ ಎಡಗಡೆ. ಎರಡನೇ ಸಲ ಅದನ್ನೇ ಕೂಗಿ ಹೇಳಬೇಕಾಯಿತು. ಒಳಗಿನ ಕೆಮ್ಮು ನಿಂತುಹೋಯಿತು.

ಕಸ್ತೂರಿ ಕಟ್ಟನ್ನು ಕೈಗೆ ತೆಗೆದುಕೊಂಡಳು. ಕ್ಯಾಲೆಂಡರಿನ ಹಾಳೆಯ ಮೇಲೆ ಬೆರಳಾಡಿಸಿದಳು, ಲಲಿತಕ್ಕನ ಹೊಲಿಗೆಯನ್ನು ಮುಟ್ಟಿ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡು ಕೂತಿದ್ದೆ. ಏನೂ ಮಾಡದೆ ಅದನ್ನು ಮಗಳ ಕೈಗೆ ಕೊಟ್ಟಳು. ಸುನಂದಾ ಎರಡು ಪುಟ ತಿರುಗಿಸಿ, ‘ಆಯೀ, ಮಲಾ ಕನ್ನಡ ವಾಚತಾ ಯೇತ ನಾಹೀ’ ಎಂದಳು. ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ, ಕನ್ನಡದ ಅಕ್ಷರ ಬಾರದು.

ಕಸ್ತೂರಿ ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು. ನನ್ನ ಮುಖ ನೋಡಲಿಲ್ಲ. ಎದ್ದು ಬಂದು ಬಲಗಿವಿ ನನ್ನ ಕಡೆಗಾಗುವಂತೆ ಕೂತಳು.

‘ನೀನ ಓದು. ಈ ಸಲ ಇದ್ದದ್ದು ಇದ್ದಂಗ ಓದು. ಜೋರ ಓದು.’

ಬಸ್ಸು ಬಂದು ನಿಲ್ಲುವ ಸಾಲಿನಿಂದ ಶುರುಮಾಡಿದೆ. ಒಳಗೆ ಕೋಲಿನ ಸದ್ದಾಯಿತು, ‘ಯಾರದು?’ ಎಂದು ಕೇಳಿದರು. ಸುನಂದಾ ಎದ್ದು ಹೋಗಿ ಆ ಬಾಗಿಲನ್ನು ಮುಚ್ಚಿ ಬಂದಳು. ನಾನು ಓದುತ್ತಲೇ ಇದ್ದೆ.