ಕೆಳಗಿನ ಗದ್ದೆಗೆ ನೀರು

ಬೇಸಗೆಯಲ್ಲಿ ಅತ್ತೆಯ ಬಲ ಅಂಗೈ ಬಿರುಕು ಬಿಡುತ್ತಿತ್ತು. ಬಿರುಕಿಗೆ ಯೂರಿಯಾ ಹೊಕ್ಕು ಉರಿದರೆ ಕೈಯನ್ನು ಸೆರಗಿಗೆ ಒರೆಸಿ, ಮತ್ತೆ ಗೊಬ್ಬರದ ಬಕೆಟಿಗೇ ಹಾಕುವರು. ನಾನು ತಂದುಕೊಟ್ಟ ಗ್ಲೌಸನ್ನು, ಎಷ್ಟು ಬೀಳುತ್ತದೆಂದು ಗೊತ್ತಾಗುವುದಿಲ್ಲ ಎಂದು ಅಟ್ಟಕ್ಕೆ ಎಸೆದಿದ್ದರು. ಅಮ್ಮನಿಲ್ಲದ ನನ್ನ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದ್ದೂ ಅದೇ ಕೈ.

ಅವರು ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತೋಡಾರಿನ ತವರಿಗೆ ಬಂದು, ಪಾಲಿಗೆ ಸಿಕ್ಕಿದ ಕೆಳಗಿನ ಗದ್ದೆಯಲ್ಲಿ ಸೌತೆ ಬೆಳೆಯುತ್ತಿದ್ದರು. ಮೇಲಿನ ಗದ್ದೆ ಅಪ್ಪನದು. ಹರಿಯುವ ತೋಡಿಗೆ ಅಡ್ಡ ಕಟ್ಟ ಹಾಕಿ ತಿರುಗಿಸಿದ ನೀರು ಮೊದಲು ಅಪ್ಪನಿಗೆ, ಅವರು ಬಿಟ್ಟರೆ ಅತ್ತೆಗೆ. ಅಕ್ಕನಿಗೆ ಪಾಲು ಹೋದದ್ದನ್ನು ಅಪ್ಪ ಎಂದೂ ಜೀರ್ಣಿಸಿಕೊಳ್ಳಲಿಲ್ಲ.

"ಮೇಲೆ ಹಾಕಿದ ಗೊಬ್ಬರಕ್ಕೆ ಬೆನ್ನಿಗೇ ನೀರು ಬೇಕು ಮಗಾ. ಘಾಟಾಗಿ ಮೂಗಿಗೆ ಬಂದದ್ದು ಬಳ್ಳಿಗೆ ಇಲ್ಲ" ಎನ್ನುತ್ತಿದ್ದರು ಅತ್ತೆ. ಅದು ಅಪ್ಪನಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿ, ಮಧ್ಯಾಹ್ನ ನೀರು ಬಿಡುತ್ತೇನೆ, ಗೊಬ್ಬರ ಹಾಕಿಡು ಎಂದರು. ಅತ್ತೆ ಸಾಲಿನುದ್ದಕ್ಕೂ ಹಾಕಿ ಮುಗಿಸಿದರು. ಮಧ್ಯಾಹ್ನ ಕಳೆದರೂ ಕಾಲುವೆ ಒಣಗಿಯೇ ಇತ್ತು. ನಾನು ಮೇಲೆ ಹೋದೆ. ತುಂಬಿ ತುಳುಕುತ್ತಿದ್ದ ತಮ್ಮ ಗದ್ದೆಯಂಚಿನ ಹುಣಿಯಲ್ಲಿ ಅಪ್ಪ ಕುಳಿತಿದ್ದರು.

"ಅಕ್ಕನ ಗೊಬ್ಬರ ಹಾಕಿ ಆಯಿತಾ?"

ಆಯಿತು ಎಂದೆ.

"ಹಾಗಾದ್ರೆ ನೀರು ನಾಳೆ ಬಿಡುವ."

ಕೆಳಗೆ ಬಂದರೆ ಬಿಸಿಲಿಗೆ ಗೊಬ್ಬರದ ಘಾಟು ಎದ್ದಿತ್ತು. ಅತ್ತೆ ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತು ಬುಡಬುಡಕ್ಕೆ ಹೊಯ್ಯುತ್ತಿದ್ದರು. ಒಬ್ಬರ ಸೊಂಟಕ್ಕೆ ಅಷ್ಟು ಗದ್ದೆ ನೆನೆಯುವುದುಂಟೇ? ಬಳ್ಳಿ ಹಳದಿಗೆ ತಿರುಗಿತು. ನೀರು ಒಂದು ದಿನ ತಡವಾಯಿತು ಎಂದು ಯಾವ ಪಂಚಾಯಿತಿಗೆ ದೂರು ಕೊಡುವುದು?

ಮರುವರ್ಷವೂ ಅದೇ ಆಟ, ಅದರ ಮರುವರ್ಷವೂ. ಇನ್ನು ನೀರು ಕಣ್ಣಿಗೆ ಕಂಡ ಮೇಲೆಯೇ ಗೊಬ್ಬರ ಹಾಕಿ ಎಂದು ನಾನು ರೇಗಿದೆ. ಅತ್ತೆ ಬಿರಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

"ಹಾಗೆ ಮಾಡಿದ್ರೆ ತಮ್ಮನ ಮಾತು ನಂಬುವುದಿಲ್ಲ ಅಂತ ಆಗ್ತದೆ. ಸೌತೆ ಹೋದ್ರೆ ಹೋಗಲಿ. ನನಗೆ ಅವನೊಬ್ಬನೇ ಉಂಟಲ್ಲ."

ಕಳೆದ ಬೇಸಗೆ ಅತ್ತೆ ತೀರಿಕೊಂಡರು. ಕೊನೆಗಳಿಗೆ ಎಂದು ಫೋನ್ ಮಾಡಿದ ಕೂಡಲೇ ಅಪ್ಪ ಓಡಿ ಬಂದರು. ಬಾಯಿಗೆ ತುಳಸಿನೀರು ಬಿಟ್ಟು, ಅಕ್ಕಾ ಎಂದು ಬಿಕ್ಕಿ ಬಿಕ್ಕಿ ಅತ್ತರು. ನೆರೆಯವರು ಕಣ್ಣೊರೆಸಿಕೊಂಡರು, ಎಂಥಾ ತಮ್ಮ ಎಂದರು.

ಅಕ್ಕನಿಗೆ ನೀರು ಬಿಡಲು ಅಪ್ಪ ತಡಮಾಡದೆ ಇದ್ದದ್ದು ಅದೊಂದೇ ಸಲ.