ಬೋರ್ಡಿಗೆ ಹಚ್ಚಿದ ವಿಭೂತಿ

ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಮಲ್ಲೇಶ್ವರಿಯ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿ ಅನ್ನುವುದು ಗೌರವದ ಮಾತು. ಇರುವುದು ಎರಡು ಮೇಜು, ಒಂದು ಬಿಸಿಗಾಳಿಯ ಗನ್ನು, ಗೋಡೆಯ ಮೊಳೆಗಳಿಗೆ ಬೆಳ್ಳುಳ್ಳಿ ಗೊಂಚಲಿನಂತೆ ನೇತುಬಿದ್ದ ಸತ್ತ ಮದರ್‌ಬೋರ್ಡುಗಳು. ಅವಳು ಹಿರೇಕೊಟ್ನೆಕಲ್ಲಿನ ಕುರಿ ಕಾಯುವವರ ಮನೆಯ ಮಗಳು. ಡಿಪ್ಲೊಮಾ ಮುಗಿಸಿ ಟಿ.ವಿ. ರಿಪೇರಿಯವನೊಬ್ಬನ ಬಳಿ ಆರು ವರ್ಷ ಬೆಸುಗೆ ಹಾಕಿದಳು. ಆತ ಈ ದಂಧೆಯಲ್ಲಿ ಹೊಗೆ ಬಿಟ್ಟರೆ ಏನೂ ಹುಟ್ಟುವುದಿಲ್ಲವೆಂದು ಚಹಾಪುಡಿ ಮಾರಲು ಹೋದಾಗ ಮೇಜು ಇವಳದಾಯಿತು.

"ಗಂಡಸ್ರು ಯಾರೂ ಇಲ್ಲೇನ್ರಿ?" ಎಂದು ಗಿರಾಕಿಗಳು ಕೇಳುತ್ತಿದ್ದರು.

"ಅದಾರ್ರೀ, ಎಲ್ಲಾರೂ ರಿಪೇರಿಗೆ ಬಂದೋರು" ಎನ್ನುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ಮಾತ್ರ ಅವಳ ಬಾಯಿಂದ ಚೇಷ್ಟೆ ಹೊರಡಲಿಲ್ಲ. ಮಾನ್ವಿಯ ಮೊದಲ ಬಸ್ಸಿಗೆ ತಮ್ಮ ಹನುಮೇಶ ಬಂದಿದ್ದ. ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದ ಅಕ್ಕಿಚೀಲದೊಳಗೆ ಒಂದು ಬೋರ್ಡು.

ಹನುಮೇಶನ ಎಡಗಾಲು ಚಿಕ್ಕಂದಿನಲ್ಲೇ ಸೋತದ್ದು. ಕುರಿಯ ಹಿಂದೆ ನಡೆಯಲಾರ, ಚೀಲ ಹೊರಲಾರ. ಊರೆಲ್ಲ ಅಲೆದ ಮೇಲೆ ಅವನನ್ನು ಒಪ್ಪಿಕೊಂಡದ್ದು ಒಂದೇ ಒಂದು ಕುರ್ಚಿ: ಮಾನ್ವಿಯಲ್ಲಿ ಗದ್ದೆಪ್ಪ ಸಾವ್ಕಾರರ ಗಿರಣಿಯಲ್ಲಿ, ಕಪ್ಪಕ್ಕಿ ಆರಿಸುವ ಯಂತ್ರದ ಮುಂದಿನದು. ಕ್ಯಾಮೆರಾ ಒಂದೊಂದೇ ಕಾಳನ್ನು ನೋಡುತ್ತದೆ, ಒಳಗಿನ ಕಂಪ್ಯೂಟರ್ ತೀರ್ಪು ಕೊಡುತ್ತದೆ, ಕೆಟ್ಟ ಕಾಳನ್ನು ಗಾಳಿ ಊದಿ ಆಚೆ ಹಾರಿಸುತ್ತದೆ. ಅದರ ಪ್ರೋಗ್ರಾಂ ಈ ಬೋರ್ಡು ಬಿಟ್ಟು ಬೇರೆಯದರಲ್ಲಿ ಓಡುವುದಿಲ್ಲ. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿ ವರ್ಷಗಳಾಗಿವೆ.

"ನಾಳೆ ಮಧ್ಯಾನದತನಕ ನೋಡ್ತೀನಿ ಅಂದಾರಕ್ಕಾ ಸಾವ್ಕಾರ್ರು. ಆಗ್ಲಿಲ್ಲಂದ್ರ ಹೊಸಾ ಮಷೀನ್ ತರಸ್ತಾರ. ಅದರ ಸಂಗಾಟ ಕಂಪನಿಯಂವ ಒಬ್ಬ ಬರ್ತಾನಂತ."

"ನೀನು?"

ಹನುಮೇಶ ತನ್ನ ಕಾಲು ನೋಡಿಕೊಂಡ.

ಮಲ್ಲೇಶ್ವರಿ ಬೋರ್ಡನ್ನು ದೀಪದ ಕೆಳಗೆ ಹಿಡಿದಳು. ಕಂಪ್ಯೂಟರಿನ ಪೆಟ್ಟಿಗೆಗೆ ಬರುವುದು ಹನ್ನೆರಡು ವೋಲ್ಟು. ಪ್ರೊಸೆಸರ್ ಕುಡಿಯುವುದು ಒಂದೇ ಒಂದು. ನಡುವೆ ತೊಗರಿಬೇಳೆಗಿಂತ ತುಸು ದೊಡ್ಡದಾದ ಒಂದು ಕಂಟ್ರೋಲರ್ ಚಿಪ್, ಕಾಲುವೆಯ ತೂಬು ಕಾಯುವವನಂತೆ ಕೂತಿರುತ್ತದೆ. ಸೆಕೆಂಡಿಗೆ ಮೂರು ಲಕ್ಷ ಸಲ ತೂಬು ತೆರೆದು ಮುಚ್ಚಿ, ಹೊಲಕ್ಕೆ ಎಷ್ಟು ಬೇಕೋ ಅಷ್ಟೇ ಬಿಡುತ್ತದೆ. ಅದರ ತಲೆ ಕೆಟ್ಟರೆ ಹೊಲ ಒಣಗಬೇಕು, ಇಲ್ಲ ಕೊಚ್ಚಿಹೋಗಬೇಕು. ಇದರ ಚಿಪ್ ಸುಟ್ಟಿತ್ತು. ಸುತ್ತ ಬಿಳಿಯ ಹಕ್ಕಳೆ ಕಟ್ಟಿತ್ತು.

"ಇದೇನಲೇ?"

"ವಿಭೂತಿ."

ಗಿರಣಿಯಲ್ಲಿ ಸೋಮವಾರ ಸೋಮವಾರ ಎಲ್ಲ ಯಂತ್ರಗಳಿಗೂ ಮೂರು ಪಟ್ಟಿ ಎಳೆಯಬೇಕೆಂಬುದು ಸಾವ್ಕಾರರ ಕಟ್ಟಳೆ. ಉಳಿದ ಯಂತ್ರಗಳ ಹಣೆ ಕಬ್ಬಿಣದ್ದು, ತಡೆದುಕೊಂಡವು.

"ಹೊಸಾ ಮಷೀನಿನ ಮಾತು ಶ್ರಾವಣದಾಗ ಕಿವಿಗೆ ಬಿತ್ತಕ್ಕಾ. ಹೊರಗ ಹಚ್ಚಿದ್ರ ಸಾಲೂದಿಲ್ಲ ಅನಸ್ತು. ಬುದ್ಧಿ ಇರೂದು ಒಳಗಲ್ಲೇನು? ಮುಚ್ಚಳ ಬಿಚ್ಚಿ, ನೀರಾಗ ಕಲಸಿ..."

"ಪ್ರತಿ ವಾರಾನೂ?"

"ಒಂದು ವಾರಾನೂ ತಪ್ಪಿಸಿಲ್ಲ."

ಹೊಡೆಯಲು ಎತ್ತಿದ ಕೈಯನ್ನು ಮಲ್ಲೇಶ್ವರಿ ತನ್ನ ಹಣೆಗೇ ಬಡಿದುಕೊಂಡಳು. ತಪ್ಪಿಸುವುದು ಗೊತ್ತಿದ್ದ ಸೋಮಾರಿಯಾಗಿದ್ದರೆ ಕೆಲಸ ಉಳಿಯುತ್ತಿತ್ತು.

ಗೋಡೆಯ ಗೊಂಚಲನ್ನೆಲ್ಲ ಕೆಳಗಿಳಿಸಿದಳು. ಆ ನಂಬರಿನ ಚಿಪ್ ಒಂದರಲ್ಲೂ ಇಲ್ಲ. ಊರಿನ ನಾಲ್ಕು ಅಂಗಡಿಯಲ್ಲಿ ಕೇಳಿದಳು. ಮೂವರು ಇಲ್ಲವೆಂದರು, ನಾಲ್ಕನೆಯವನು ಹೊಸ ಕಂಪ್ಯೂಟರ್ ಮಾರಲು ನೋಡಿದ. ಆನ್‌ಲೈನ್‌ನಲ್ಲಿ ಎಂಟು ದಿನ. ಆಗ ನೆನಪಾದವಳು ದೇವದುರ್ಗದ ಜೈಬುನ್ನೀಸಾ. ಜೆರಾಕ್ಸ್ ಅಂಗಡಿಯವಳು, ಹಳೆಯ ಗಿರಾಕಿ. ಅದೇ ಜಾತಿಯ ಬೋರ್ಡು ಅವಳಲ್ಲಿತ್ತು. ಗಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಮಲ್ಲೇಶ್ವರಿ ನಿಂತೇ ಹೋದಳು.

"ಅದು ಹ್ವಾದ ಮಳಿಗಾಲದಾಗ ಸಿಡ್ಲು ಬಡದು ಸತ್ತದ ಬೇ" ಎಂದಳು ಜೈಬುನ್ನೀಸಾ, ಅಟ್ಟದಿಂದ ಪಾರಿವಾಳದ ಪುಕ್ಕದ ಸಮೇತ ಬೋರ್ಡು ಇಳಿಸುತ್ತ. "ಸತ್ತೋರ ಗುಂಡಿಗಿ ಕಿತ್ತು ಸಾಯೋರಿಗೆ ಹಾಕ್ತಿಯೇನು?"

"ಬ್ಯಾರೆ ಗುಂಡಿಗಿ ಎಲ್ಲದಾವ ಹೇಳು, ಜೈಬೂ?"

ಜೈಬುನ್ನೀಸಾ ಅವಳ ಮುಖ ನೋಡಿ, ಪುಕ್ಕ ಕೊಡವಿ ಬೋರ್ಡು ಕೈಗಿಟ್ಟಳು. "ಒಯ್ಯಿ. ಚಾ ಕುಡದು ಹೋಗು." ಚಹಾಕ್ಕೆ ಹೊತ್ತಿರಲಿಲ್ಲ.

ಬುಧವಾರ ಬೆಳಕು ಹರಿಯುವಾಗ ಹಕ್ಕಳೆಯನ್ನು ಬ್ರಷ್ಷಿನಿಂದ ತೊಳೆದು, ಸುಟ್ಟ ಚಿಪ್ ಕಿತ್ತು, ಸಿಡಿಲು ಬಡಿದ ಬೋರ್ಡಿನದನ್ನು ಕೂರಿಸಿ ಬಿಸಿಗಾಳಿ ಬಿಟ್ಟಳು. ಪ್ರೊಸೆಸರನ್ನು ಹೊರಗೆ ತೆಗೆದಿಟ್ಟು ಅದರ ಜಾಗದಲ್ಲಿ ಸುಟ್ಟರೂ ಅಳುವವರಿಲ್ಲದ ಪರೀಕ್ಷೆಯ ಬಿಲ್ಲೆ ಇಟ್ಟಳು. ಮೀಟರು ಸೊನ್ನೆ ತೋರಿಸಿತು. ಇನ್ನೊಮ್ಮೆ ಕರೆಂಟು ಕೊಟ್ಟಳು. ಸೊನ್ನೆ.

"ಮುಗೀತೇನಕ್ಕಾ?"

"ಬಾಯಿ ಮುಚ್ಚು."

ಬೆಸುಗೆ ಕೂತಿಲ್ಲದಿರಬಹುದು, ಚಿಪ್ಪೇ ಸತ್ತಿರಬಹುದು. ಮತ್ತೆ ಕಾಯಿಸಿದರೆ ಬದುಕಿದ್ದರೂ ಸಾಯಬಹುದು. ಬಿಟ್ಟರೆ ಸತ್ತ ಹಾಗೆಯೇ. ಉಸಿರು ಬಿಗಿಹಿಡಿದು ಮತ್ತೆ ಕಾಯಿಸಿದಳು. ತಣ್ಣಗಾಗಲೆಂದು ನೂರು ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು. ಕರೆಂಟು ಕೊಟ್ಟಳು.

ಒಂದು ವೋಲ್ಟು, ಚಿಲ್ಲರೆ. ಅಂಕಿ ಅಲುಗಲಿಲ್ಲ.

ಹನುಮೇಶ ಅತ್ತ. ಮಲ್ಲೇಶ್ವರಿ ಪ್ರೊಸೆಸರ್ ಕೂರಿಸಿದಳು. ಅಳಲಿಕ್ಕೂ ಬಸ್ಸಿನಲ್ಲಿ ಹೊತ್ತಿದೆ ಎಂದಳು.

ಮಾನ್ವಿಯ ಗಿರಣಿಯಲ್ಲಿ ಮಧ್ಯಾಹ್ನಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಗದ್ದೆಪ್ಪ ಸಾವ್ಕಾರರು ಕೈಯಲ್ಲಿ ಫೋನು ಹಿಡಿದೇ ನಿಂತಿದ್ದರು. ಮಲ್ಲೇಶ್ವರಿ ಬೋರ್ಡು ಕೂರಿಸಿದಳು, ಯಂತ್ರ ಎದ್ದಿತು. ಪಟ್ ಪಟ್ ಎಂದು ಗಾಳಿ ಊದಿತು, ಕಪ್ಪಕ್ಕಿ ಒಂದು ಕಡೆ, ಬಿಳಿಯದು ಒಂದು ಕಡೆ ಬಿತ್ತು. ಸಾವ್ಕಾರರು ಫೋನನ್ನು ಜೇಬಿಗಿಳಿಸಿ ವಿಭೂತಿಯ ಬಟ್ಟಲು ತರಿಸಿದರು.

"ಮಗ್ಗಲಿಗೆ ಸರಿಯವಾ. ಮರುಹುಟ್ಟು ಪಡದದ, ಬುಡಕ್ಕಽ ಹಚ್ಚತೀನಿ."

ಮುಚ್ಚಳ ಇನ್ನೂ ತೆರೆದೇ ಇತ್ತು. ಹನುಮೇಶ ಕುರ್ಚಿಯಲ್ಲೇ ಬಿಳುಚಿಕೊಂಡ. ಬೇಡವೆಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಿದರೆ ಯಾರೆಂದೂ ಹೇಳಬೇಕು. ಒದ್ದೆ ಬೆರಳು ಮೂರೂ ಒಳಗೆ ಇಳಿಯುತ್ತಿದ್ದಂತೆ ಮಲ್ಲೇಶ್ವರಿ ಬೋರ್ಡಿನ ಮೇಲೆ ತನ್ನ ಅಂಗೈ ಹರವಿದಳು. ಪಟ್ಟಿಗಳು ಅವಳ ಹಿಂಗೈ ಮೇಲೆ ಮೂಡಿದವು.

"ದೇವರಿಗೇ ಅಡ್ಡ ಕೈ ಹಿಡಿತೀಯೇನವಾ?"

"ಇಲ್ರೀ ಸಾವ್ಕಾರ್ರ. ನಡಿಸಿದ ಕೈ ಇದು. ಇದಕ್ಕ ಹತ್ತಿದ್ರ ಅದಕ್ಕ ಹತ್ತಿದಂಗ."

ಸಾವ್ಕಾರರು ಒಮ್ಮೆ ಕೈ ನೋಡಿದರು, ಒಮ್ಮೆ ಅಕ್ಕಿ ನೋಡಿದರು. ಅಕ್ಕಿ ಚೆನ್ನಾಗಿ ಬೀಳುತ್ತಿತ್ತು. ವ್ಯಾಪಾರಸ್ಥರ ಭಕ್ತಿಗೂ ಕಣ್ಣಿರುತ್ತದೆ. "ಆತು" ಎಂದರು. "ಈ ಸುಗ್ಗಿತನಕ ನೋಡೂಣು."

ಈ ಚಿಪ್ ಇನ್ನೊಮ್ಮೆ ಸುಟ್ಟರೆ ಹಾಕಲು ಹತ್ತಿರದಲ್ಲೆಲ್ಲೂ ಇನ್ನೊಂದಿಲ್ಲ, ಎಂಟು ದಿನ ಕಾಯುವವರು ಸಾವ್ಕಾರರಲ್ಲ. ಅದನ್ನು ಮಲ್ಲೇಶ್ವರಿ ಯಾರಿಗೂ ಹೇಳಲಿಲ್ಲ. ಎಂಟೂ ಸ್ಕ್ರೂ ಬಿಗಿದು ಮುಚ್ಚಳ ಹಾಕಿದಳು. ಆಮೇಲೆ ತಮ್ಮನ ಡ್ರಾಯರ್ ಎಳೆದು, ಅವನ ಸ್ಕ್ರೂಡ್ರೈವರನ್ನೂ ತನ್ನ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.